ಡ್ರಮ್ಮರ್ ಇಲ್ಲದ ಅಟ್ಟ

ಮನೆಯ ಅಟ್ಟದಲ್ಲಿ ಒಬ್ಬನೇ ಗಿಟಾರ್ ರೆಕಾರ್ಡ್ ಮಾಡಲು ಕೂತು, ಕ್ಲಿಕ್ ಹಾಕಿಕೊಂಡು ಮೊದಲ ಸಲ ನುಡಿಸಿದ ರಾತ್ರಿ ನನಗೆ ಒಂದು ವಿಷಯ ಗೊತ್ತಾಯಿತು. ಬ್ಯಾಂಡಿನಲ್ಲಿದ್ದ ಅಷ್ಟೂ ವರ್ಷ ನಾನು ತಾಳಕ್ಕಿಂತ ಮುಂದೆ ಓಡುತ್ತಿದ್ದೆ. ನಮ್ಮ ಡ್ರಮ್ಮರ್ ನನ್ನನ್ನು ಹಿಡಿದಿಟ್ಟುಕೊಂಡಿದ್ದ.

ಕ್ಲಿಕ್ ಅಂದರೆ ಹೆಡ್‌ಫೋನಿನಲ್ಲಿ ಕಂಪ್ಯೂಟರ್ ಹೊಡೆಯುವ ಟಿಕ್ ಟಿಕ್, ಅಷ್ಟೇ. ನಿಮಿಷಕ್ಕೆ 120 ಏಟು ಇಟ್ಟರೆ ಏಟಿನಿಂದ ಏಟಿಗೆ ಅರ್ಧ ಸೆಕೆಂಡು. ನುಡಿಸಿ ಮುಗಿದ ಮೇಲೆ ಪರದೆಯಲ್ಲಿ ಅಲೆಯನ್ನು ದೊಡ್ಡದು ಮಾಡಿ ನೋಡಿದೆ. ಚರಣದಲ್ಲಿ ಎಲ್ಲ ಸರಿಯಾಗಿತ್ತು. ಪಲ್ಲವಿ ಬಂದ ಕೂಡಲೇ ನನ್ನ ಒಂದೊಂದು ಹೊಡೆತವೂ ಕ್ಲಿಕ್ಕಿನ ಗೆರೆಗಿಂತ 20, 30 ಮಿಲಿಸೆಕೆಂಡು ಮುಂಚೆಯೇ ಬಿದ್ದಿತ್ತು. ಹುರುಪು ಬಂದಾಗ ಕೈ ಓಡುತ್ತದೆ. ವೇದಿಕೆ ಮೇಲೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಡ್ರಮ್ಮರ್ ನನ್ನ ಜೊತೆ ಒಂಚೂರು ಮುಂದೆ ಬಂದು, ಆಮೇಲೆ ಮೆಲ್ಲಗೆ ಎಲ್ಲರನ್ನೂ ವಾಪಸ್ ಕರೆದುಕೊಂಡು ಹೋಗುತ್ತಿದ್ದ. ಅದೇ ರಾತ್ರಿ ಫೋನ್ ಮಾಡಿ, "ನಿಂಗೆ ಗೊತ್ತಿತ್ತೇನೋ?" ಅಂತ ಕೇಳಿದೆ. "ಗೊತ್ತಿಲ್ದೆ ಏನು ಮಾರಾಯ, ಮೊದಲನೇ ದಿನದಿಂದ್ಲೂ ಗೊತ್ತಿತ್ತು" ಅಂದ.

ಮನೆಯಲ್ಲಿ ರೆಕಾರ್ಡ್ ಮಾಡಬೇಕು ಅಂತ ಹೊರಟವರಿಗೆ ಎಲ್ಲರೂ ಸಾಮಾನಿನ ಬಗ್ಗೆ ಹೇಳುತ್ತಾರೆ. ಯಾವ ಇಂಟರ್‌ಫೇಸ್ (ಗಿಟಾರು, ಮೈಕಿನ ಸಿಗ್ನಲ್ಲನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ), ಯಾವ ಮೈಕು, ಯಾವ ಸಾಫ್ಟ್‌ವೇರು. ಅದನ್ನು ನಾನೂ ಹೇಳುತ್ತೇನೆ, ಬೇಕಾಗುತ್ತದೆ. ಆದರೆ ನನಗೆ ಜಾಸ್ತಿ ವರ್ಷ ಹಿಡಿದದ್ದು ಅದಕ್ಕಲ್ಲ. ಬ್ಯಾಂಡಿನ ಉಳಿದ ನಾಲ್ಕು ಜನ ನಿಜವಾಗಿ ಏನು ಕೆಲಸ ಮಾಡುತ್ತಿದ್ದರು ಅಂತ ತಿಳಿಯುವುದಕ್ಕೆ.

ನಾನು ಗಿಟಾರ್ ಹಿಡಿದದ್ದು ಶಿವಮೊಗ್ಗದಲ್ಲಿ, ಪಿಯುಸಿ ಓದುವಾಗ. ಮೊದಲನೆಯದು ಗಿವ್ಸನ್ ಅಕೌಸ್ಟಿಕ್. ತಂತಿಗಳು ಎಷ್ಟು ಎತ್ತರದಲ್ಲಿದ್ದವೆಂದರೆ ಎಫ್ ಕಾರ್ಡ್ ಸರಿಯಾಗಿ ಒತ್ತಲು ನನಗೆ ಮೂರು ತಿಂಗಳು ಬೇಕಾಯಿತು. 2007ರ ಮಾರ್ಚ್ 17ಕ್ಕೆ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದರು. ನಾವು ಮೂವರು ಗೆಳೆಯರು ಬಸ್ ಹತ್ತಿದೆವು. ಮೂರು ಗಿಟಾರು ಒಟ್ಟಿಗೆ ನುಡಿದರೂ ಒಂದು ಇನ್ನೊಂದನ್ನು ಮುಚ್ಚಲಿಲ್ಲ. ಅದು ಹೇಗೆ ಅಂತ ವಾಪಸ್ ಬರುವಾಗ ದಾರಿಯುದ್ದಕ್ಕೂ ಮಾತಾಡಿದೆವು. ಬೆಳಗಿನ ಜಾವ ಬಸ್ಸು ತರೀಕೆರೆ ದಾಟುವ ಹೊತ್ತಿಗೆ ಬ್ಯಾಂಡ್ ಕಟ್ಟುವುದು ಅಂತ ತೀರ್ಮಾನವಾಗಿತ್ತು.

ಎರಡು ಗಿಟಾರು, ಬೇಸು, ಡ್ರಮ್ಸು, ಒಬ್ಬ ಹಾಡುಗಾರ. ವಿನೋಬನಗರದ ಒಂದು ಮನೆಯ ಮಹಡಿಯಲ್ಲಿ ಕಿಟಕಿಗೆ ಹಳೇ ಹಾಸಿಗೆ ಒತ್ತರಿಸಿ ಅಭ್ಯಾಸ ಮಾಡುತ್ತಿದ್ದೆವು. ಕಾಲೇಜು ಫೆಸ್ಟುಗಳಲ್ಲಿ ನಮ್ಮ ಹಾಡು ನುಡಿಸಲು ಬಿಡುತ್ತಿದ್ದರು. ದುಡ್ಡು ಬರುತ್ತಿದ್ದದ್ದು ಗಣಪತಿ ಹಬ್ಬದ ರಸಮಂಜರಿಯಿಂದ. ಶಿವಮೊಗ್ಗ, ಭದ್ರಾವತಿ, ಸಾಗರ, ಶಿಕಾರಿಪುರ, ಎಲ್ಲಿ ಕರೆದರೂ ಹೋದೆವು. ಸಿನಿಮಾ ಹಾಡು ಹತ್ತು ನುಡಿಸಿದರೆ ನಮ್ಮದು ಒಂದು. ಆ ಹತ್ತರಿಂದ ನಾನು ಕಲಿತದ್ದು ಕಡಿಮೆ ಇಲ್ಲ. ಹಾಡುವವರ ಗಂಟಲಿಗೆ ತಕ್ಕ ಹಾಗೆ ನಿಂತ ಜಾಗದಲ್ಲೇ ಶ್ರುತಿ ಬದಲಾಯಿಸಿ ನುಡಿಸುವುದು ಯಾವ ಕ್ಲಾಸಿನಲ್ಲೂ ಅಷ್ಟು ಬೇಗ ಬರುವುದಿಲ್ಲ.

ಪೆಂಡಾಲಿನಲ್ಲಿ ಗಿಟಾರ್ ಆಂಪ್ (ಆಂಪ್ಲಿಫೈಯರ್) ಇರುತ್ತಿರಲಿಲ್ಲ. ಮೈಕ್ ಸೆಟ್‌ನವರು ಒಂದು ವೈರ್ ಕೊಟ್ಟು "ಇದಕ್ಕೇ ಚುಚ್ಚಿ ಸರ್" ಅನ್ನುತ್ತಿದ್ದರು. ಗಿಟಾರಿನ ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲಿನಿಂದ ಸೀದಾ ಮಿಕ್ಸರ್‌ಗೆ. ಊರೆಲ್ಲ ಕೇಳುವ ಹಾಗೆ ಹೆಜ್ಜೇನು ಎದ್ದಂಥ ಸದ್ದು. ವರ್ಷಗಟ್ಟಲೆ ಅದು ನನ್ನ ಪೆಡಲಿನ ದೋಷ ಅಂತಲೇ ತಿಳಿದಿದ್ದೆ. ಆ ಸದ್ದಿನ ಕಾರಣ ನನಗೆ ಸಿಕ್ಕಿದ್ದು ಮನೆಯಲ್ಲಿ ರೆಕಾರ್ಡ್ ಮಾಡಲು ಕೂತ ಮೇಲೆ. ಅಲ್ಲಿಗೆ ಬರುತ್ತೇನೆ.

ಬ್ಯಾಂಡ್ ಜಗಳವಾಡಿ ಮುರಿಯಲಿಲ್ಲ. ಬೇಸ್ ನುಡಿಸುತ್ತಿದ್ದವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಆಮೇಲೆ ಡ್ರಮ್ಮರ್‌ಗೆ. ಇನ್ನೊಬ್ಬ ಗಿಟಾರಿಸ್ಟ್ ಮದುವೆಯಾಗಿ ಹುಬ್ಬಳ್ಳಿಗೆ ಹೋದ. ಹಾಡುಗಾರನೂ ನಾನೂ ಕೆಲವು ದಿನ ಇಬ್ಬರೇ ನುಡಿಸಿದೆವು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ನಾನು ಗಿಟಾರು ಹೆಗಲಿಗೆ ಹಾಕಿಕೊಂಡು ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದೆ. ತೋಟದ ಕೆಲಸ, ಅಪ್ಪಯ್ಯನಿಗೆ ಒಂದು ಆಸರೆ. ಹಬ್ಬ ಇಲ್ಲ, ರಸಮಂಜರಿ ಇಲ್ಲ. ಬರೆದಿಟ್ಟ ಹಾಡುಗಳು ಮಾತ್ರ ಇದ್ದವು.

ಶುರುವಿನಲ್ಲಿ ಗಿಟಾರಿನ ವೈರನ್ನು ಲ್ಯಾಪ್‌ಟಾಪಿನ ಮೈಕ್ ತೂತಿಗೆ ಹಾಕಿ ನೋಡಿದೆ. ಸದ್ದೇನೋ ಬಂತು, ಆದರೆ ಕಂಬಳಿ ಮುಸುಕು ಹಾಕಿಕೊಂಡು ಮಾತಾಡಿದ ಹಾಗಿತ್ತು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗಿರುವ ಪಿಕಪ್ ಅಂದರೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಅದರ ಸಿಗ್ನಲ್ ತೆಗೆದುಕೊಳ್ಳುವ ಕಡೆ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಸುಮಾರು ಹತ್ತು ಲಕ್ಷ ಓಮ್ ಇರಬೇಕು. ಮೈಕ್ ತೂತಿನಲ್ಲಿ ಕೆಲವು ಸಾವಿರ ಅಷ್ಟೇ. ಹಾಗಾಗಿ ಮೇಲಿನ ಸ್ವರಗಳ ಹೊಳಪೆಲ್ಲ ಅಲ್ಲೇ ಸತ್ತುಹೋಗುತ್ತದೆ. ಇಂಟರ್‌ಫೇಸ್ ಕೊಳ್ಳುವಾಗ ಅದರ ಮೇಲೆ 'ಇನ್‌ಸ್ಟ್' ಅಂತಲೋ 'ಹೈ ಜಡ್' ಅಂತಲೋ ಬರೆದ ಗುಂಡಿ ಇದೆಯಾ ನೋಡಿ. ಅದು ಇರುವುದು ಗಿಟಾರಿಗಾಗಿ. ನಾನು ಎರಡು ಇನ್‌ಪುಟ್‌ನ ಫೋಕಸ್‌ರೈಟ್ ಸ್ಕಾರ್ಲೆಟ್ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಸಾಫ್ಟ್‌ವೇರಿಗೆ ರೀಪರ್. 60 ದಿನ ಸುಮ್ನೆ ಬಳಸಿ ನೋಡಬಹುದು, ಆಮೇಲೆ ನಮ್ಮಂಥವರಿಗೆ 60 ಡಾಲರ್. ಹಳೇ ಲ್ಯಾಪ್‌ಟಾಪಿನಲ್ಲೂ ಹಗುರವಾಗಿ ಓಡುತ್ತದೆ.

ಆಮೇಲೆ ಲೇಟೆನ್ಸಿ. ತಂತಿ ಮೀಟಿದ್ದು ಈಗ, ಕಿವಿಗೆ ಕೇಳುವುದು ಆಮೇಲೆ. ಇದಕ್ಕೆ ಹೆದರಿ ಎಷ್ಟೋ ಜನ ಮೊದಲ ವಾರದಲ್ಲೇ ಕೈ ಬಿಡುತ್ತಾರೆ. ಕಂಪ್ಯೂಟರ್ ಸದ್ದನ್ನು ಸೆಕೆಂಡಿಗೆ 44,100 ತುಣುಕು ಮಾಡಿ, ಒಂದಷ್ಟು ತುಣುಕು ಕೂಡಿದ ಮೇಲೆ ಮುಂದಕ್ಕೆ ಕಳಿಸುತ್ತದೆ. ಆ 'ಒಂದಷ್ಟು' ಅನ್ನುವುದೇ ಬಫರ್. ಬಫರ್ 512 ಇದ್ದರೆ ಒಂದು ಕಡೆಗೇ 11 ಮಿಲಿಸೆಕೆಂಡು ದಾಟುತ್ತದೆ. 128 ಇಟ್ಟರೆ 3ಕ್ಕಿಂತ ಕಡಿಮೆ. ಹೋಗಿ ಬರುವುದೆಲ್ಲ ಸೇರಿ 10ರ ಆಸುಪಾಸಿಗೆ ಬಂದರೆ ಸಾಕು. ಗಾಳಿಯಲ್ಲಿ ಸದ್ದು ಒಂದು ಮೀಟರ್ ಬರಲು ಸುಮಾರು 3 ಮಿಲಿಸೆಕೆಂಡು ಬೇಕು. ಅಂದರೆ 10 ಮಿಲಿಸೆಕೆಂಡು ಎಂದರೆ ಆಂಪಿನಿಂದ ಮೂರು ಮೀಟರ್ ಆಚೆ ನಿಂತ ಹಾಗೆ. ವಿನೋಬನಗರದ ಮಹಡಿಯಲ್ಲಿ ನಾನು ನಿಲ್ಲುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಇದು ತಲೆಗೆ ಹೋದ ಮೇಲೆ ನನ್ನ ಅರ್ಧ ತಕರಾರು ಹೊರಟುಹೋಯಿತು.

ಹೆಜ್ಜೇನಿನ ಸದ್ದು ಇಲ್ಲೂ ಬಂತು. ಪೆಡಲ್ ಹಾಕಿ ಇಂಟರ್‌ಫೇಸಿಗೆ ಚುಚ್ಚಿದೆ, ಅದೇ ಪೆಂಡಾಲು, ಅದೇ ಜುಂಯ್. ಆಗ ಕೂತು ಓದಿದೆ. ಗಿಟಾರ್ ಆಂಪಿನ ಸ್ಪೀಕರ್ ಬೇರೆ ಸ್ಪೀಕರಿನಂತಲ್ಲ. 12 ಇಂಚಿನ ಆ ಕಾಗದದ ಕೋನು ಸುಮಾರು 5,000 ಹರ್ಟ್ಸ್ ಮೇಲಿನ ಸದ್ದನ್ನು ಹೆಚ್ಚು ಹೊರಗೇ ಬಿಡುವುದಿಲ್ಲ. ಡಿಸ್ಟಾರ್ಷನ್ ಹುಟ್ಟಿಸುವ ಚುಚ್ಚುವ ಸದ್ದೆಲ್ಲ ಅಲ್ಲಿ ಸೋಸಿಹೋಗುತ್ತದೆ. ರಾಕ್ ಗಿಟಾರ್ ಅಂತ ನಾವು ಕೇಳಿ ಬೆಳೆದದ್ದು ಆ ಸೋಸಿದ ಸದ್ದನ್ನು. ಮಿಕ್ಸರ್‌ಗೆ ಸೀದಾ ಕೊಟ್ಟರೆ ಸೋಸುವವರೇ ಇಲ್ಲ. ಕಂಪ್ಯೂಟರಿನಲ್ಲಿ ಈ ಕೆಲಸಕ್ಕೆ ಇಂಪಲ್ಸ್ ರೆಸ್ಪಾನ್ಸ್ ಅನ್ನುವ ಪುಟ್ಟ ಫೈಲುಗಳಿವೆ. ಒಂದು ನಿಜವಾದ ಸ್ಪೀಕರಿನ ಮುಂದೆ ಮೈಕ್ ಇಟ್ಟು ಅದರ ಗುಣವನ್ನು ಹಿಡಿದಿಟ್ಟದ್ದು. ಆಂಪಿಗೆ ನ್ಯೂರಲ್ ಆಂಪ್ ಮಾಡೆಲರ್ ಅನ್ನುವ, ರೀಪರಿನೊಳಗೆ ಸೇರಿಸಿಕೊಳ್ಳುವ ಉಚಿತ ಪ್ಲಗಿನ್ ಇದೆ. ಇವೆರಡನ್ನೂ ಸೇರಿಸಿ ಮೊದಲ ಕಾರ್ಡ್ ಎಳೆದಾಗ ನಾನು ಎದ್ದು ನಿಂತುಬಿಟ್ಟೆ. ಅಷ್ಟು ವರ್ಷದ ಪೆಂಡಾಲುಗಳೆಲ್ಲ ಕಣ್ಣ ಮುಂದೆ ಬಂದವು. ಈಗ ಯಾರಾದರೂ ಹುಡುಗರು ರಸಮಂಜರಿಗೆ ಗಿಟಾರ್ ಎತ್ತಿಕೊಂಡು ಹೊರಟರೆ ಮೊದಲು ಹೇಳುವುದು ಇದನ್ನೇ. ಕ್ಯಾಬಿನೆಟ್ ಸಿಮ್ಯುಲೇಷನ್ (ಸ್ಪೀಕರ್ ಸೋಸುವ ಹಾಗೆ ಸೋಸುವ ಸೌಲಭ್ಯ) ಇರುವ ಪೆಡಲ್ ಒಂದು ಇಟ್ಟುಕೊಳ್ಳಿ, ಉಳಿದದ್ದು ಆಮೇಲೆ.

ಸದ್ದು ಚೆನ್ನಾದ ಮೇಲೆ ಅದರ ಹಿಂದಿನ ಗುಂಯ್ ಕೇಳತೊಡಗಿತು. ನಮ್ಮದು ಹಳೇ ಮನೆ, ಅರ್ಥಿಂಗ್ ಹೆಸರಿಗೆ ಮಾತ್ರ. ತಂತಿ ಮುಟ್ಟಿದರೆ ಗುಂಯ್ ಕಡಿಮೆ, ಬಿಟ್ಟರೆ ಜಾಸ್ತಿ. ಎಲೆಕ್ಟ್ರಿಶಿಯನ್ ಕರೆಸಿ ಹೊಸ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿ ಪೈಪು ಹೂಳಿಸಿದೆವು. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿಬಿಡುತ್ತದೆ, ಆಗ ಆ ಗುಂಡಿಗೆ ನೀರು ಹಾಕುತ್ತಿರಬೇಕು. ಗುಂಯ್ ಹೋಗಲಿ ಅಂತ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಮುರಿಯುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಕೈಯಲ್ಲಿ ಹಿಡಿದಿರುವುದು ಕಬ್ಬಿಣದ ತಂತಿ, ಜೀವ ಹೋಗುತ್ತದೆ. ಉಳಿದ ಕಿರಿಕಿರಿ ಲ್ಯಾಪ್‌ಟಾಪಿನ ಚಾರ್ಜರಿನದು, ಮತ್ತು ಇನ್ವರ್ಟರಿನದು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನುಡಿಸಿದರೆ ಎರಡೂ ಹೋಯಿತು. ಇಂಟರ್‌ಫೇಸ್ ಯುಎಸ್‌ಬಿಯಿಂದಲೇ ಕರೆಂಟು ತೆಗೆದುಕೊಳ್ಳುವಂಥದ್ದಾದ್ದರಿಂದ ಇದು ಸಾಧ್ಯ. ಮಲೆನಾಡಿನಲ್ಲಿ ರೆಕಾರ್ಡ್ ಮಾಡುವವರು ಗೋಡೆಯಿಂದ ಕರೆಂಟು ಕೇಳದ ಸಾಮಾನನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಆರಿದ್ರಾ ಮಳೆ ಹಿಡಿದರೆ ಕರೆಂಟು ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು, ಅಲ್ವಾ?

ಮಳೆಯೇ ನನ್ನ ಕೆಲಸದ ಕ್ಯಾಲೆಂಡರ್ ಬರೆಯಿತು. ಆಗುಂಬೆ ನಮಗೆ ದೂರವಿಲ್ಲ. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಅದರ ಪಾಲು ನಮ್ಮ ಹೆಂಚಿನ ಮೇಲೂ ಬೀಳುತ್ತದೆ. ಪುನರ್ವಸು, ಪುಷ್ಯ ಮಳೆಯಲ್ಲಿ ಅಟ್ಟದಲ್ಲಿ ಕೂತರೆ ಪಕ್ಕದವರ ಮಾತು ಕೇಳುವುದಿಲ್ಲ, ಇನ್ನು ಮೈಕ್ ಇಡುವುದೆಲ್ಲಿ? ಆದರೆ ಎಲೆಕ್ಟ್ರಿಕ್ ಗಿಟಾರಿನ ವೈರಿಗೆ ಮಳೆ ಕೇಳುವುದಿಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವೈರಿನ ಕೆಲಸ. ಎಲೆಕ್ಟ್ರಿಕ್ ಗಿಟಾರು, ಬೇಸು, ಡ್ರಮ್ಸ್ ಬರೆಯುವುದು. ಮೈಕಿನ ಕೆಲಸ ಚಳಿಗಾಲಕ್ಕೆ. ಅಕೌಸ್ಟಿಕ್, ಹಾಡುವುದು, ಬೇರೆ ವಾದ್ಯ. ಅದೂ ಅಡಿಕೆ ಸುಲಿಯುವವರು ಎದ್ದು ಹೋದ ಮೇಲೆ, ರಾತ್ರಿ ಹನ್ನೊಂದರಿಂದ. ಬೇಸಿಗೆಯಲ್ಲಿ ಜೀರುಂಡೆ ಬಿಡುವುದಿಲ್ಲ. ಗುಡುಗು ಮಿಂಚಿನ ಏಪ್ರಿಲ್, ಮೇ ಸಂಜೆಗಳಲ್ಲಿ ಎಲ್ಲ ವೈರು ಕಿತ್ತಿಡುತ್ತೇನೆ. ಒಂದು ಸಿಡಿಲಿಗೆ ಮೋಡೆಮ್ ಮತ್ತು ಒಂದು ಜೊತೆ ಸ್ಪೀಕರ್ ಕಳೆದುಕೊಂಡಿದ್ದೇನೆ.

ಮೈಕಿನ ಕೆಲಸಕ್ಕೆ ಕೆಳಗಿನ ಉಗ್ರಾಣವನ್ನು ಆರಿಸಿಕೊಂಡೆ. ದಪ್ಪ ಮಣ್ಣಿನ ಗೋಡೆ, ಕಿಟಕಿ ಇಲ್ಲ, ಮೇಲೆ ಮರದ ಮುಚ್ಚಿಗೆ. ಮೊದಲ ಚಳಿಗಾಲದಲ್ಲಿ ಅಲ್ಲಿ ಅಕೌಸ್ಟಿಕ್ ಎಷ್ಟು ಚೆನ್ನಾಗಿ ಬಂತು ಅಂದರೆ ನನಗೇ ಆಶ್ಚರ್ಯ. ಮಾರ್ಚಿನಲ್ಲಿ ಅದೇ ಜಾಗ, ಅದೇ ಮೈಕು, ಅದೇ ಗಿಟಾರು, ಆದರೆ ಸದ್ದು ಡಬ್ಬದೊಳಗಿಂದ ಬಂದ ಹಾಗೆ. ಎರಡು ದಿನ ತಲೆ ಕೆಡಿಸಿಕೊಂಡೆ. ಅಮ್ಮ ಬಾಗಿಲಲ್ಲಿ ನಿಂತು, "ಅಡಿಕೆ ಕೊಟ್ಟಾಯ್ತಲ್ಲ ಮಗಾ, ರೂಮು ಖಾಲಿ ಖಾಲಿ ಅನ್ಸುತ್ತೆ" ಅಂದಳು. ಅದೇ ವಿಷಯ. ಸಾಲಾಗಿ ಪೇರಿಸಿದ್ದ ಅಡಿಕೆ ಚೀಲಗಳು ಸದ್ದನ್ನು ಹೀರಿ, ಚದುರಿಸಿ ಕೊಡುತ್ತಿದ್ದವು. ಅವು ಹೋದ ಮೇಲೆ ಗೋಡೆ ಗೋಡೆಗೆ ಬಡಿದು ಮೊಳಗುತ್ತಿತ್ತು.

ಚೀಲದ ಬದಲು ಕಂಬಳಿ ತಂದೆ. ಮಳೆಗೆ ಕೊಪ್ಪೆ ಹಾಕಿಕೊಳ್ಳುವ ಅದೇ ಕರಿ ಕಂಬಳಿ, ಕುರಿ ಉಣ್ಣೆಯದು. ಗೋಡೆಗೆ ಅಂಟಿಸಿ ಹೊಡೆದರೆ ತೀರಾ ಮೇಲಿನ ಸದ್ದು ಮಾತ್ರ ಹೀರುತ್ತದೆ. ಗೋಡೆಯಿಂದ ಅರ್ಧ ಅಡಿ ಬಿಟ್ಟು ಬಿದಿರಿನ ಮೇಲೆ ಎರಡು ಪದರ ಇಳಿಬಿಟ್ಟರೆ ಇನ್ನೂ ಕೆಳಗಿನದನ್ನೂ ಹಿಡಿಯುತ್ತದೆ. ಮೊಟ್ಟೆ ಟ್ರೇ ಅಂಟಿಸಿ ಸ್ಟುಡಿಯೋ ಮಾಡಿ ಅಂತ ಹೇಳುವವರು ಈಗಲೂ ಇದ್ದಾರೆ, ಅದರಿಂದ ಹೇಳುವಂಥ ಪ್ರಯೋಜನ ಇಲ್ಲ. ಹಾಡಲು ಶೂರ್ ಎಸ್‌ಎಂ58 ಥರದ ಡೈನಾಮಿಕ್ ಮೈಕು ಇಟ್ಟುಕೊಂಡೆ. ಬಾಯಿ ಹತ್ತಿರ ಹಿಡಿದು ಹಾಡುವುದರಿಂದ ಕಪ್ಪೆ, ಜೀರುಂಡೆ ಹಿಂದೆ ಸರಿಯುತ್ತವೆ.

ತೇವದ ವಿಷಯ ಬಿಡುವಂತಿಲ್ಲ. ಗಿಟಾರಿನ ಮರಕ್ಕೆ ಗಾಳಿಯ ತೇವ ಶೇಕಡ 45ರಿಂದ 55 ಇದ್ದರೆ ಹಿತ. ನಮ್ಮಲ್ಲಿ ಆಷಾಢದಲ್ಲಿ ಅದು 90 ದಾಟಿ ಕೂತಿರುತ್ತದೆ. ತಂತಿ ವಾರಕ್ಕೆ ತುಕ್ಕು, ಚೀಲಕ್ಕೆ ಬೂಸ್ಟು. ಒಂದು ಮಳೆಗಾಲ ನನ್ನ ಅಕೌಸ್ಟಿಕ್ಕನ್ನು ಬಚ್ಚಲ ಒಲೆ ಹತ್ತಿರದ ಗೋಡೆಗೆ ತೂಗುಹಾಕಿದ್ದೆ, ಬಟ್ಟೆ ಒಣಗಿಸುವ ಹಾಗೆ. ಬಿಸಿಗೆ ಅಂಟು ಬಿಟ್ಟು, ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್ ಎದ್ದು ಬಂತು. ಅದರಿಂದ ಬಹಳ ದುಃಖವಾಯಿತು, ಆ ಗಿಟಾರು ಬ್ಯಾಂಡಿನ ಮೊದಲ ಹಾಡು ಹುಟ್ಟಿದ ಗಿಟಾರು. ಈಗ ಒಂದು ಮರದ ಬೀರುವಿನ ತಳದಲ್ಲಿ 15 ವ್ಯಾಟಿನ ಹಳೇ ಬಲ್ಬು ಉರಿಯುತ್ತದೆ. ಮೇಲಿನ ಖಾನೆಗಳಲ್ಲಿ ಗಿಟಾರು, ಮೈಕು, ಪೆಡಲು. ತೇವ ಅಳೆಯುವ ಪುಟ್ಟ ಮೀಟರ್ ಒಂದು ಒಳಗೇ ಇದೆ. ಕರೆಂಟು ಹೋದ ದಿನಗಳಿಗೆ ಸಿಲಿಕಾ ಜೆಲ್ ಪೊಟ್ಟಣ.

ಇನ್ನು ಡ್ರಮ್ಸ್. ಸ್ನೇರ್, ಟಾಮ್ ಅನ್ನುವ ಡ್ರಮ್ಮುಗಳು, ಹೈಹ್ಯಾಟ್, ಕ್ರ್ಯಾಶ್ ಅನ್ನುವ ಲೋಹದ ತಟ್ಟೆಗಳು, ಇಷ್ಟೆಲ್ಲ ಇರುವ ಡ್ರಮ್ ಕಿಟ್ ಇಡಲು ಅಟ್ಟದಲ್ಲಿ ಜಾಗವಿಲ್ಲ, ನುಡಿಸುವವನೂ ಇಲ್ಲ. ಮೌಸಿನಲ್ಲಿ ಒಂದೊಂದೇ ಏಟು ಬರೆದೆ. ಪ್ರತಿ ಏಟಿಗೂ ಬಿಗಿ ಎಷ್ಟು ಅಂತ 127ರವರೆಗೆ ಅಂಕಿ ಕೊಡಬಹುದು. ನಾನು ಎಲ್ಲಕ್ಕೂ 127 ಕೊಟ್ಟಿದ್ದೆ, ಎಲ್ಲವನ್ನೂ ಗೆರೆಗೆ ಸರಿಯಾಗಿ ಕೂರಿಸಿದ್ದೆ. ರಾಕ್ ಅಂದರೆ ಜೋರು ತಾನೆ? ಡ್ರಮ್ಮರ್‌ಗೆ ವಾಟ್ಸಾಪಿನಲ್ಲಿ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. "ಎರಡನೇ ಪಲ್ಲವಿಗೆ ಮುಂಚೆ ಹೈಹ್ಯಾಟೂ ಇದೆ, ಟಾಮೂ ಇದೆ, ಕ್ರ್ಯಾಶೂ ಇದೆ. ಮೂರನೇ ಕೈ ಯಾರದ್ದು? ಮೊದಲು ಟೊಣ್ಣ್ ಟೊಣ್ಣ್ ಅಂತ ಬಾಯಲ್ಲಿ ಹೇಳು, ತೊಡೆ ಮೇಲೆ ಕೈಯಲ್ಲಿ ಬಡಿ. ನಿನ್ನ ಕೈಗೆ ಆಗದ್ದನ್ನ ಬರೀಬೇಡ" ಅಂದ.

ಅಲ್ಲಿಂದ ನಾನು ಎರಡು ತಿಂಗಳು ಗಿಟಾರ್ ಕೆಳಗಿಟ್ಟು ತೊಡೆ ಬಡಿದೆ. ಬಲಗೈಯಲ್ಲಿ ಎಂಟು ಏಟು ಹೊಡೆದರೆ ಮೊದಲನೆಯದು ಗಟ್ಟಿ, ಎರಡನೆಯದು ತೆಳು, ಅದು ತಾನಾಗೇ ಆಗುತ್ತದೆ. ಹೈಹ್ಯಾಟಿಗೆ 100, 62, 94, 58, ಹೀಗೆ ಬರೆಯತೊಡಗಿದೆ. ಸ್ನೇರ್ ಏಟನ್ನು ಗೆರೆಗಿಂತ 8, 10 ಮಿಲಿಸೆಕೆಂಡು ಹಿಂದಕ್ಕೆ ಸರಿಸಿದೆ. ಅವನು ಹಾಗೇ ಹೊಡೆಯುತ್ತಿದ್ದ. ನಮ್ಮ ಹಳೇ ಕಾರ್ಯಕ್ರಮವೊಂದರ ರೆಕಾರ್ಡಿಂಗ್ ಹುಡುಕಿ, ಅವನ ಏಟುಗಳನ್ನು ಪರದೆಯಲ್ಲಿ ಅಳೆದು ನೋಡಿಕೊಂಡೆ. ಅಮೆರಿಕದ ಬಾಸ್ಟನ್ ಬ್ಯಾಂಡಿನ ಟಾಮ್ ಶೋಲ್ಜ್ ಮನೆಯ ನೆಲಮಾಳಿಗೆಯಲ್ಲಿ ಒಬ್ಬರೇ ಪದರ ಪದರವಾಗಿ ಗಿಟಾರು ರೆಕಾರ್ಡ್ ಮಾಡಿದ ಕಥೆ ನಮಗೆಲ್ಲ ಸ್ಫೂರ್ತಿ. 1976ರಲ್ಲಿ ಬಂದ ಅವರ ಮೊದಲ ಆಲ್ಬಂ ಹುಟ್ಟಿದ್ದು ಹಾಗೆ. ಗಿಟಾರು, ಬೇಸು, ಆರ್ಗನ್ ಎಲ್ಲ ನುಡಿಸಿದ ಅವರೂ ಡ್ರಮ್ಸಿಗೆ ಮಾತ್ರ ಡ್ರಮ್ಮರನ್ನೇ ಕೂರಿಸಿದ್ದರು. ಅದರ ಕಾರಣ ನನಗೆ ಈಗ ಚೆನ್ನಾಗಿ ಅರ್ಥವಾಗುತ್ತದೆ.

ಗಿಟಾರಿನ ಅಗಲ ಬರಿಸುವುದು ಇನ್ನೊಂದು ಪಾಠ. ಒಂದೇ ರೆಕಾರ್ಡಿಂಗನ್ನು ನಕಲು ಮಾಡಿ ಎಡಕ್ಕೊಂದು ಬಲಕ್ಕೊಂದು ಹಾಕಿದರೆ ಸದ್ದು ಜೋರಾಗುತ್ತದೆ, ಅಗಲ ಆಗುವುದಿಲ್ಲ, ನಡುವೆಯೇ ನಿಲ್ಲುತ್ತದೆ. ಎರಡು ಸಲ ನುಡಿಸಲೇಬೇಕು. ಎರಡು ಕೈಬರಹಗಳ ಆ ಸಣ್ಣ ವ್ಯತ್ಯಾಸವನ್ನೇ ಕಿವಿ ಅಗಲ ಅಂತ ತಿಳಿಯುತ್ತದೆ. ಡಿಸ್ಟಾರ್ಷನ್ ಒಬ್ಬನೇ ನುಡಿಸುವಾಗ ಇಡುವುದರ ಅರ್ಧ ಸಾಕು. ನಾನು ಎರಡು ಸಲ ನುಡಿಸಿದೆ, ಆದರೂ ಬ್ಯಾಂಡಿನ ಅಗಲ ಬರಲಿಲ್ಲ. ಯಾಕೆಂದರೆ ಎರಡೂ ನಾನೇ. ಹುಬ್ಬಳ್ಳಿಗೆ ಹೋದ ಗೆಳೆಯ ತಂತಿ ಮೀಟುವ ಪ್ಲೆಕ್ಟ್ರಮ್ಮನ್ನು ಸಡಿಲ ಹಿಡಿದು ಬ್ರಿಡ್ಜಿನಿಂದ ದೂರ ಮೀಟುತ್ತಿದ್ದ. ಯಾವಾಗಲೂ ಒಂದೆಳೆ ತಡ. ಅವತ್ತು ಅದು ಸೋಮಾರಿತನ ಅಂತ ನಾನು ಅವನಿಗೆ ಬೈದಿದ್ದೂ ಉಂಟು. ಬಲಗಡೆಯ ಗಿಟಾರನ್ನು ಈಗ ನಾನು ಅವನ ಹಾಗೆ ನುಡಿಸುತ್ತೇನೆ. ಬೇರೆ ಗಿಟಾರು, ಕುತ್ತಿಗೆ ಕಡೆಯ ಪಿಕಪ್, ಮಣಿಕಟ್ಟು ಸಡಿಲ, ಮನಸ್ಸಿನಲ್ಲಿ ಅವನ ಮುಖ. ಹಾಡು ಅಗಲವಾಯಿತು. ಅವನಿಗೆ ಕಳಿಸಿದಾಗ, "ಇದು ನಾನಲ್ವೇನೋ?" ಅಂತ ಕೇಳಿದ. ಬೈದಿದ್ದಕ್ಕೆ ಅವತ್ತು ಕ್ಷಮೆ ಕೇಳಿದೆ.

ಬೇಸ್ ನುಡಿಸುತ್ತಿದ್ದವನು "ನಿನ್ನ ಲೋ ಸೌಂಡ್ ಕಡಿಮೆ ಮಾಡೋ, ನಂಗೆ ಜಾಗ ಇಲ್ಲ" ಅಂತ ಎಷ್ಟು ಸಲ ಹೇಳಿದ್ದನೋ. ಈಗ ಗಿಟಾರುಗಳಲ್ಲಿ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸುತ್ತೇನೆ. ಗಿಟಾರ್ ಒಂದನ್ನೇ ಕೇಳಿದರೆ ತೆಳು ಅನಿಸುತ್ತದೆ, ಬೇಸ್ ಸೇರಿದ ಕೂಡಲೇ ಎರಡೂ ನಿಲ್ಲುತ್ತವೆ.

ಹಾಡಿನ ಮಾತುಗಳಿಗೆ ಬರುತ್ತೇನೆ, ನನಗೆ ಇದು ತುಂಬ ಇಷ್ಟದ ವಿಷಯ. ಮೂರು ನಾಲ್ಕು ಅಂತ ಏಳರ ಎಣಿಕೆಯ ಒಂದು ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು) ಬ್ಯಾಂಡಿನ ಕಾಲದಿಂದಲೂ ನನ್ನಲ್ಲಿತ್ತು. ಇಂಗ್ಲಿಷ್ ಮಾತು ಹಾಕಿ ನೋಡಿದ್ದೆವು, ಪ್ರತಿ ಸಾಲೂ ಎಡವುತ್ತಿತ್ತು. ಒಂದು ಸಂಜೆ ತುಂಗಾ ದಂಡೆಯ ಹೊಸಹಳ್ಳಿಯಲ್ಲಿ ಗಮಕ ಕೇಳುತ್ತಾ ಕೂತಿದ್ದೆ. ಆ ಊರು ಗಮಕಕ್ಕೇ ಹೆಸರುವಾಸಿ. ಭಾಮಿನಿ ಷಟ್ಪದಿ ಹರಿಯುತ್ತಿತ್ತು, ನನ್ನ ಬೆರಳು ತಾನಾಗೇ ತೊಡೆಯ ಮೇಲೆ ಎಣಿಸುತ್ತಿತ್ತು. ಮೂರು ನಾಲ್ಕು, ಮೂರು ನಾಲ್ಕು. ನನ್ನ ರಿಫ್ಫಿನ ಲೆಕ್ಕವೇ! ಶಾಲೆಯಲ್ಲಿ ಪ್ರಸ್ತಾರ ಹಾಕಿ ಮಾತ್ರೆ ಎಣಿಸಿದ್ದು ಅಷ್ಟು ವರ್ಷದ ಮೇಲೆ ಕೈಗೆ ಬಂತು. ಮನೆಗೆ ಬಂದು ಅದೇ ಮಾತ್ರೆಗೆ ಕನ್ನಡದಲ್ಲಿ ಎರಡು ಸಾಲು ಬರೆದೆ, ಒಂದು ಅಕ್ಷರವೂ ಎಡವಲಿಲ್ಲ. ಕನ್ನಡಕ್ಕೆ ರಾಕ್ ಒಗ್ಗುವುದಿಲ್ಲ ಅನ್ನುವವರಿಗೆ ನಾನು ಹೇಳುವುದಿಷ್ಟೇ, ಮೊದಲು ಮಾತ್ರೆ ಎಣಿಸಿ, ಆಮೇಲೆ ರಿಫ್ ಹಿಡಿಯಿರಿ.

ಹಾಡಲು ನನಗೆ ದೊಡ್ಡ ಗಂಟಲಿಲ್ಲ. ನಮ್ಮ ಹಾಡುಗಾರ ಅಭ್ಯಾಸದಲ್ಲಿ ಕೈ ಎತ್ತಿ ನನ್ನ ಕಡೆ ತೋರಿಸುತ್ತಿದ್ದ, "ಇಲ್ಲಿ ನೀನು ಸುಮ್ನಿರು" ಅಂತ. ಒಬ್ಬನೇ ಇದ್ದಾಗ ಆ ಕೈ ಇಲ್ಲ. ಟ್ರ್ಯಾಕಿಗೆ ಲೆಕ್ಕವೂ ಇಲ್ಲ. ಒಂದು ಹಾಡಿಗೆ 38 ಗಿಟಾರ್ ಟ್ರ್ಯಾಕ್ ಆಗಿತ್ತು, ಮಾತು ಕೇಳುತ್ತಿರಲಿಲ್ಲ. ಈಗ ಹಾಡನ್ನು ಮೊದಲು ರೆಕಾರ್ಡ್ ಮಾಡುತ್ತೇನೆ, ಗಿಟಾರು ಆಮೇಲೆ. ಉಳಿಯುವುದು ಏಳೆಂಟು ಟ್ರ್ಯಾಕು.

ಆ ಏಳರ ಹಾಡಿಗೆ ಡೊಳ್ಳು ಬೇಕೆನಿಸಿತು. ಸಾಗರದ ಕಡೆಯಿಂದ ಇಬ್ಬರು ಡೊಳ್ಳಿನವರು ಬಂದರು. ಉಗ್ರಾಣದೊಳಗೆ ಹೊಡೆದಾಗ ಕಿವಿ ಮುಚ್ಚಿಕೊಳ್ಳುವ ಹಾಗಾಯಿತು, ಮೀಟರ್ ಕೆಂಪಾಗಿ ನಿಂತಿತು. ಅಂಗಳಕ್ಕೆ ಕರೆದುಕೊಂಡು ಹೋದೆ. ಮೈಕು ಆರು ಅಡಿ ದೂರ, ಎದೆ ಎತ್ತರ. ಮಟ್ಟ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಇಟ್ಟೆ. 24 ಬಿಟ್ಟಿನಲ್ಲಿ ಮಾಡುವಾಗ ಮಟ್ಟ ಕಡಿಮೆ ಇದ್ದರೆ ನಷ್ಟವಿಲ್ಲ, ಜಾಸ್ತಿಯಾಗಿ ಒಡೆದರೆ ಸರಿಪಡಿಸಲಾಗದು. ಜನವರಿಯ ತಣ್ಣನೆ ರಾತ್ರಿ, ಗಾಳಿ ಇಲ್ಲ. ಏಟು ಬಿದ್ದು ಎದುರಿನ ಗುಡ್ಡಕ್ಕೆ ತಾಗಿ ವಾಪಸ್ ಬರುತ್ತಿತ್ತು. ಮೊಳಗು ಸೇರಿಸುವ ಯಾವ ರಿವರ್ಬ್ ಪ್ಲಗಿನ್ನೂ ಅದಕ್ಕೆ ಹಾಕಲಿಲ್ಲ. ಅವರಿಬ್ಬರಿಗೂ ಮೊದಲೇ ಮಾತಾಡಿದ ಸಂಭಾವನೆ ಕೊಟ್ಟೆ, ಹಾಡಿನ ಜೊತೆ ಅವರ ಹೆಸರೂ ಇರುತ್ತದೆ. ನುಡಿಸಿದವರ ಹೆಸರು ಬಿಡಬಾರದು.

ಸಾಕು ಅಂತ ಹೇಳುವವರಿಲ್ಲದ್ದು ದೊಡ್ಡ ಕಷ್ಟ. ಒಂದು ಸೋಲೋಗೆ 64 ಟೇಕ್ ತೆಗೆದೆ, ಕೊನೆಗೆ ಉಳಿಸಿಕೊಂಡದ್ದು ಮೂರನೆಯದು. ಈಗ ಒಂದು ರಾತ್ರಿಗೆ ಹತ್ತೇ ಟೇಕು. ಆರಿಸುವುದು ಮರುದಿನ ಬೆಳಿಗ್ಗೆ ತೋಟದಲ್ಲಿ, ಫೋನಿನ ಸ್ಪೀಕರಿನಲ್ಲಿ, ಸಣ್ಣ ದನಿ ಇಟ್ಟು. ಸಣ್ಣ ದನಿಯಲ್ಲೂ ಹಾಡಿನ ಮಾತು ಮತ್ತು ಸ್ನೇರ್ ಕೇಳಿದರೆ ಮಿಕ್ಸ್ ಸರಿ ಇದೆ. ತೀರಾ ಜೋರು ಮಾಡುವ ಗೋಜೂ ಬೇಡ. ಸ್ಪಾಟಿಫೈಯಂಥ ಕಡೆ ಅವರೇ ಸುಮಾರು ಮೈನಸ್ 14 ಲಫ್ಸ್‌ಗೆ (ಹಾಡು ಎಷ್ಟು ಜೋರು ಅಂತ ಅಳೆಯುವ ಮಾನ) ತಂದು ನಿಲ್ಲಿಸುತ್ತಾರೆ. ಹಣದ ಮಾತು ಹೇಳಬೇಕೆಂದರೆ, 2024ರಿಂದ ಅಲ್ಲಿ ಒಂದು ಹಾಡನ್ನು 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿರದಿದ್ದರೆ ಅದಕ್ಕೆ ಏನೂ ಸಿಗುವುದಿಲ್ಲ. ನನ್ನ ಜೀವನ ಅಡಿಕೆಯಿಂದ ಮತ್ತು ವಾರಕ್ಕೆ ಎರಡು ದಿನ ಶಿವಮೊಗ್ಗದಲ್ಲಿ ಹೇಳಿಕೊಡುವ ಗಿಟಾರ್ ಕ್ಲಾಸಿನಿಂದ ನಡೆಯುತ್ತದೆ.

ಹೋದ ದೀಪಾವಳಿಗೆ ಡ್ರಮ್ಮರ್ ಮನೆಗೆ ಬಂದಿದ್ದ. ಅಟ್ಟದಲ್ಲಿ ಕೂರಿಸಿ ಹೆಡ್‌ಫೋನ್ ಕೊಟ್ಟೆ. ಆ ಹೊತ್ತಿಗೆ ನಾನು ಕ್ಲಿಕ್ಕಿಗೆ ಸರಿಯಾಗಿ ನುಡಿಸುವುದನ್ನು ಕಲಿತಿದ್ದೆ. ಪಲ್ಲವಿಯಲ್ಲೂ ಒಂದು ಹೊಡೆತ ಗೆರೆ ತಪ್ಪುವುದಿಲ್ಲ. ಅವನ ಕಾಲು ನೆಲ ತಟ್ಟುತ್ತಿತ್ತು. ಪಲ್ಲವಿ ಬಂದಾಗ ನಿಂತಿತು. ಹೆಡ್‌ಫೋನ್ ತೆಗೆದು, "ಇಲ್ಲಿ ಯಾಕೆ ಓಡ್ಲಿಲ್ಲ ನೀನು?" ಅಂದ.

ಓಡುವುದೇ ನನ್ನ ತಪ್ಪಲ್ಲವಾ ಅಂತ ಕೇಳಿದೆ. "ಓಡೋದು ತಪ್ಪು ಅಂತ ನಾನ್ಯಾವಾಗ ಹೇಳ್ದೆ? ಹಾಡು ಅಲ್ಲಿ ಎದ್ದು ಓಡ್ಬೇಕು. ನೀನು ಓಡ್ತಿದ್ದೆ, ನಾನು ನಿನ್ ಜೊತೆ ಬರ್ತಿದ್ದೆ. ಕೊನೇಲಿ ವಾಪಸ್ ಬರೋದು ನಿಂಗೆ ಗೊತ್ತಿರ್ಲಿಲ್ಲ ಅಷ್ಟೇ. ಕ್ಲಿಕ್ಕನ್ನೇ ಓಡ್ಸಕ್ಕೆ ಆಗಲ್ವಾ?"

ಆಗುತ್ತದೆ. ರೀಪರಿನಲ್ಲಿ ಟೆಂಪೋ ಮ್ಯಾಪ್ ಅಂತ ಇದೆ. ಎಲ್ಲಿ ಬೇಕೋ ಅಲ್ಲಿ ವೇಗ ಬದಲಾಯಿಸಬಹುದು. ನನಗೆ ಅದು ಗೊತ್ತಿತ್ತು, ಬಳಸುವ ಯೋಚನೆಯೇ ಬಂದಿರಲಿಲ್ಲ. ಅವನು ತೊಡೆ ಬಡಿಯುತ್ತಾ ಹೋದ, ನಾನು ಅಂಕಿ ಬರೆದೆ. ಚರಣಕ್ಕೆ 120. ಮೊದಲ ಪಲ್ಲವಿಗೆ 122. ಅದು ಮುಗಿಯುವ ಕೊನೆಯ ನಾಲ್ಕು ಏಟಿನಲ್ಲಿ ಮೆಲ್ಲಗೆ ಇಳಿದು ಮತ್ತೆ 120. ಕೊನೆಯ ಪಲ್ಲವಿಗೆ 124, ಅಲ್ಲಿ ಇಳಿಸುವುದು ಬೇಡ ಅಂದ. ಗಿಟಾರುಗಳನ್ನೆಲ್ಲ ಹೊಸದಾಗಿ ನುಡಿಸಬೇಕಾಯಿತು, ಎಡದ್ದೂ ಬಲದ್ದೂ. ಬೆಳಗಿನ ಜಾವ ಮೂರಕ್ಕೆ ಮುಗಿಯಿತು.

ಉಳಿದ ನಾಲ್ಕು ಹಾಡುಗಳನ್ನೂ ಅವನಿಗೆ ಕಳಿಸಿದ್ದೇನೆ. ಎಲ್ಲೆಲ್ಲಿ ಎಷ್ಟು ಓಡಬೇಕು ಅಂತ ಬರೆದು ಕಳಿಸುತ್ತಾನೆ. ಅದು ಬಂದ ಮೇಲೆ ಕ್ಲಿಕ್ ಹಾಕುತ್ತೇನೆ.